ಪರಾಗ ಮುಟ್ಟಿಸಿ ಬಂದವರ ಹಾಜರಿ

ಟೊಮೆಟೊ ಹೂವು ನಾಳೆ ಅರಳುತ್ತದೆ ಅನ್ನುವಾಗ ಇಂದು ಸಂಜೆಯೇ ಅದರ ಮೊಗ್ಗು ಬಿಡಿಸಬೇಕು. ಎಡಗೈ ಬೆರಳುಗಳಲ್ಲಿ ಮೊಗ್ಗು ಹಿಡಿದು, ಬಲಗೈಯ ಚಿಮಟದಿಂದ ಒಳಗಿನ ಹಳದಿ ಕೇಸರದ ಕೊಳವೆಯನ್ನು ನಡುವಿನ ಶಲಾಕೆಗೆ ಪೆಟ್ಟಾಗದ ಹಾಗೆ ಎಳೆದು ತೆಗೆಯುವುದು ಮೊದಲ ಕೆಲಸ. ಮರುದಿನ ಮುಂಜಾನೆ ಬಿಸಿಲೇರುವ ಮುಂಚೆ, ಗಂಡು ತಳಿಯ ಹೂವಿನಿಂದ ಉದುರಿಸಿಕೊಂಡ ಪರಾಗವನ್ನು ಆ ಶಲಾಕೆಯ ತುದಿಗೆ ಮುಟ್ಟಿಸುವುದು ಎರಡನೆಯದು. ಮುಟ್ಟಿಸಿದ ಹೂವಿನ ಹಿಂದಿರುವ ಹಸಿರೆಸಳುಗಳಲ್ಲಿ ಎರಡನ್ನು ಚಿವುಟಿ ಹಾಕಬೇಕು. ಹಣ್ಣು ಬಿಡಿಸುವ ಹೊತ್ತಿಗೆ ಆ ಎರಡು ಎಸಳು ಇಲ್ಲದ ಹಣ್ಣಿನ ಬೀಜವಷ್ಟೇ ಹೈಬ್ರಿಡ್ ಎಂದು ಚೀಲ ಸೇರುತ್ತದೆ. ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಬೀಜ ಕಂಪನಿಗಳಿಗಾಗಿ ಬೆಳೆಯುವ ಹೊಲ ಮತ್ತು ನೆಟ್ ಹೌಸ್‌ಗಳಲ್ಲಿ ಇದಕ್ಕೆ ‘ಕ್ರಾಸಿಂಗ್’ ಎಂದೇ ಹೆಸರು. ಬೆರಳು ಸಣ್ಣಗಿರುವ, ಕಣ್ಣು ಚುರುಕಾಗಿರುವ ಹರೆಯದವರಿಗೆ ಇಲ್ಲಿ ಬೇಡಿಕೆ. 1856ರ ಸುಮಾರಿಗೆ ಬ್ರ್ನೊ ಪಟ್ಟಣದ ಮಠದ ತೋಟದಲ್ಲಿ ಗ್ರೆಗರ್ ಮೆಂಡೆಲ್ ಬಟಾಣಿ ಹೂವಿಗೆ ಮಾಡಲು ಹೊರಟಿದ್ದು ಕೂಡ ಇದೇ ಕೆಲಸ. ಆ ಪಾಠ ನಮ್ಮ ಪಿಯುಸಿಯಲ್ಲೂ ಬರುತ್ತದೆ, ಡಿಗ್ರಿಯ ಸಸ್ಯಶಾಸ್ತ್ರದಲ್ಲೂ ಬರುತ್ತದೆ. ಮುಂಜಾನೆ ಕ್ರಾಸಿಂಗ್ ಮುಗಿಸಿ, ಕೈ ತೊಳೆದು, ಸಿಕ್ಕ ಬಸ್ಸಿನ ಬಾಗಿಲಲ್ಲಿ ನಿಂತು ಕಾಲೇಜಿಗೆ ಬರುವ ವಿದ್ಯಾರ್ಥಿ ಮೊದಲ ಪೀರಿಯಡ್‌ಗೆ ಗೈರು. ಆ ಪೀರಿಯಡ್ಡಿನಲ್ಲಿ ಮೆಂಡೆಲ್‌ನ ಪ್ರಯೋಗದ ನೋಟ್ಸ್ ಬರೆಸಲಾಗುತ್ತಿದ್ದರೆ, ಆ ಪ್ರಯೋಗವನ್ನು ಆ ದಿನವೇ ನೂರಾರು ಸಲ ಮಾಡಿ ಬಂದ ಒಬ್ಬನೇ ಒಬ್ಬ ಹಾಜರಿ ಪುಸ್ತಕದಲ್ಲಿ ಗೈರಾಗಿರುತ್ತಾನೆ.

ಡಿಗ್ರಿ ಮೊದಲ ವರ್ಷದವರು ದುಡಿಮೆ, ಅಧ್ಯಯನ, ಸಂಶೋಧನೆ ಈ ಮೂರನ್ನು ಹೇಗೆ ಸರಿದೂಗಿಸಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ಉತ್ತರವಾಗಿ ಸಿಗುವುದು ಸಮಯಪಾಲನೆಯ ಉಪದೇಶ. ಬೇಗ ಏಳಿ, ಟೈಮ್ ಟೇಬಲ್ ಹಾಕಿಕೊಳ್ಳಿ, ಮೊಬೈಲ್ ದೂರ ಇಡಿ. ಕೊಪ್ಪಳ ಜಿಲ್ಲೆಯ ಮಟ್ಟಿಗೆ ಈ ಉಪದೇಶ ತಪ್ಪು ವಿಳಾಸಕ್ಕೆ ಹೋದ ಪತ್ರ. ನಸುಕಿನಲ್ಲಿ ಏಳುವವರಿಗೆ ಬೇಗ ಏಳಿ ಎಂದು ಹೇಳಿ ಪ್ರಯೋಜನವೇನು? ನನ್ನ ವಾದ ಇಷ್ಟು: ಇಲ್ಲಿಯ ವಿದ್ಯಾರ್ಥಿ ಈಗಾಗಲೇ ದುಡಿಯುತ್ತಿದ್ದಾನೆ, ದುಡಿಯುತ್ತಿದ್ದಾಳೆ. ತೊಂದರೆ ಇರುವುದು ದುಡಿಮೆಯಲ್ಲಲ್ಲ, ಆ ದುಡಿಮೆ ಕಾಲೇಜಿನ ಕಾಂಪೌಂಡಿನ ಹೊರಗೆ ಇರುವುದರಲ್ಲಿ. ಕೆಲಸವನ್ನು ಒಳಗೆ ತಂದು, ಅದಕ್ಕೆ ಸಂಬಳ ಕೊಟ್ಟು, ಆ ಕೆಲಸವೇ ಮೊದಲ ಹಂತದ ಸಂಶೋಧನೆ ಆಗುವಂತೆ ಕಟ್ಟಿದರೆ ಮೂರು ಹೊರೆಗಳು ಒಂದಾಗುತ್ತವೆ. ಹಾಗೆ ಕಟ್ಟುವುದು ಕಾಲೇಜಿನ, ವಿಶ್ವವಿದ್ಯಾಲಯದ, ಸರ್ಕಾರದ ಕೆಲಸ. ಹದಿನೆಂಟು ವರ್ಷದವರ ಸಂಕಲ್ಪಶಕ್ತಿಗೆ ಬಿಟ್ಟು ಕೈತೊಳೆದುಕೊಳ್ಳುವ ಸಂಗತಿ ಅದಲ್ಲ.

ಮೊದಲು ಲೆಕ್ಕ ಹಾಕೋಣ. ವಾರಕ್ಕೆ 168 ಗಂಟೆ. ಪ್ರಾಕ್ಟಿಕಲ್ ಸೇರಿ ತರಗತಿ 27 ಗಂಟೆ ಎಂದಿಟ್ಟುಕೊಳ್ಳಿ. ಮೂವತ್ತು ಕಿಲೋಮೀಟರ್ ದೂರದ ಹಳ್ಳಿಯಿಂದ ಬರುವವರಿಗೆ ಬಸ್ಸಿಗೆ ಕಾಯುವುದೂ ಸೇರಿ ದಿನಕ್ಕೆ ಮೂರು ಗಂಟೆಯ ಓಡಾಟ, ಅಲ್ಲಿಗೆ ವಾರಕ್ಕೆ ಹದಿನೇಳು ಹದಿನೆಂಟು ಗಂಟೆ ಹೋಯಿತು. ರಾತ್ರಿ ಏಳು ಗಂಟೆ ನಿದ್ದೆಯೆಂದರೆ 49. ಸ್ನಾನ, ಊಟ, ಮನೆಯ ಸಣ್ಣಪುಟ್ಟ ಕೆಲಸಕ್ಕೆ 25. ಉಳಿಯುವುದು ಹತ್ತಿರಹತ್ತಿರ 50 ಗಂಟೆ. ಒಂದು ಗಂಟೆ ಪಾಠಕ್ಕೆ ಒಂದು ಗಂಟೆಯಾದರೂ ಓದು ಎಂಬ ಹಳೆಯ ಲೆಕ್ಕ ಹಿಡಿದರೆ ಅದರಲ್ಲಿ 27 ಹೋಗಿ, ಕೈಯಲ್ಲಿ 23 ಗಂಟೆ. ಕಡಿಮೆಯೇನಲ್ಲ ಅನ್ನಿಸಬಹುದು. ಆದರೆ ಈ 23 ಗಂಟೆ ಇಡಿಯಾಗಿ ಸಿಗುವುದಿಲ್ಲ, ಚೂರುಚೂರಾಗಿ ಸಿಗುತ್ತದೆ. ಎರಡು ಪೀರಿಯಡ್ ನಡುವಿನ ಮುಕ್ಕಾಲು ಗಂಟೆ, ಅತಿಥಿ ಉಪನ್ಯಾಸಕರು ಬಾರದ ಮಧ್ಯಾಹ್ನ, ಸಂಜೆಯ ಬಸ್ಸಿಗೆ ಮುಂಚಿನ ಒಂದೂಕಾಲು ಗಂಟೆ. ಹೊರಗಿನ ಯಾವ ಮಾಲೀಕನೂ ಚೂರು ಗಂಟೆಗೆ ಕೆಲಸ ಕೊಡುವುದಿಲ್ಲ. ಮೆಡಿಕಲ್ ಶಾಪಿನವರಿಗೆ ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಆಳು ಬೇಕು. ಪೆಟ್ರೋಲ್ ಬಂಕಿಗೆ ಪೂರಾ ಪಾಳಿ ಬೇಕು. ಮದುವೆ ಅಡುಗೆಯವರಿಗೆ ಎರಡು ಹಗಲು ಒಂದು ರಾತ್ರಿ ಬೇಕು. ಹಾಗಾಗಿ ವಿದ್ಯಾರ್ಥಿ ತನ್ನ ಚೂರು ಗಂಟೆಗಳನ್ನು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕಳೆದು, ಕೆಲಸಕ್ಕೆಂದು ನಿದ್ದೆಯನ್ನೋ ತರಗತಿಯನ್ನೋ ಕತ್ತರಿಸುತ್ತಾನೆ. ಮೊದಲು ಕತ್ತರಿ ಬೀಳುವುದು ತರಗತಿಗೆ. ಶೇ 75 ಹಾಜರಿಯ ನಿಯಮ ಸೆಮಿಸ್ಟರ್ ಕೊನೆಗೆ ‘ಶಾರ್ಟೇಜ್’ ಪಟ್ಟಿಯಾಗಿ ನೋಟಿಸ್ ಬೋರ್ಡಿಗೆ ಏರುವುದು ಹೀಗೆ. ಆ ಚೂರು ಗಂಟೆಗಳನ್ನು ಕೊಳ್ಳಬಲ್ಲ ಮಾಲೀಕ ಒಬ್ಬನೇ, ಅದು ಕಾಲೇಜು. ಗ್ರಂಥಾಲಯದಲ್ಲಿ ಮುಕ್ಕಾಲು ಗಂಟೆ, ಪ್ರಯೋಗಾಲಯದಲ್ಲಿ ಒಂದೂಕಾಲು ಗಂಟೆ ಎಂದು ಕೆಲಸ ಹಂಚುವುದು ಕಾಲೇಜಿಗೆ ಮಾತ್ರ ಸಾಧ್ಯ.

ಈ ಜಿಲ್ಲೆಯೊಳಗೇ ಎರಡು ಬಗೆಯ ಬದುಕು ಇದೆ ಎಂಬುದನ್ನೂ ಇಲ್ಲಿ ನೆನಪಿಡಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಗಂಗಾವತಿ, ಕಾರಟಗಿ ಕಡೆ ಭತ್ತ, ಅದರ ಬೆನ್ನಿಗೆ ಸಾಲುಸಾಲು ಅಕ್ಕಿ ಗಿರಣಿ. ಅಲ್ಲಿ ಸುಗ್ಗಿ ಬಂತೆಂದರೆ ಲಾರಿ, ಹಮಾಲಿ, ತೂಕ, ಗಿರಣಿ ಲೆಕ್ಕ ಎಂದು ಹುಡುಗರಿಗೆ ಕೈತುಂಬ ಕೆಲಸ. ಕುಷ್ಟಗಿ, ಯಲಬುರ್ಗಾ ಮಳೆಯಾಶ್ರಿತ ನಾಡು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ಈ ಎರಡೂ ತಾಲ್ಲೂಕುಗಳನ್ನು ‘ಅತ್ಯಂತ ಹಿಂದುಳಿದ’ ಪಟ್ಟಿಯಲ್ಲಿ ಸೇರಿಸಿತ್ತು. ಮಳೆ ಕೈಕೊಟ್ಟ ವರ್ಷ ಅಪ್ಪ ಅವ್ವ ಬೆಂಗಳೂರಿಗೋ ಮಂಗಳೂರಿಗೋ ಗೋವೆಗೋ ಗುಳೆ ಹೋದರೆ, ಊರಲ್ಲಿ ಉಳಿದ ಅಜ್ಜಿ, ತಮ್ಮ, ತಂಗಿ, ಎರಡು ಆಡು, ಎಲ್ಲದರ ಯಜಮಾನಿಕೆ ಡಿಗ್ರಿ ಓದುವ ಮಗನ ಅಥವಾ ಮಗಳ ಹೆಗಲಿಗೆ. 2011ರ ಜನಗಣತಿಯಂತೆ ಹದಿಮೂರು ಲಕ್ಷ ಎಂಬತ್ತೊಂಬತ್ತು ಸಾವಿರ ಜನರಿದ್ದ ಈ ಜಿಲ್ಲೆಯ ಸಾಕ್ಷರತೆ ಶೇ 68ರ ಆಸುಪಾಸಿನಲ್ಲಿತ್ತು. ಅಂದರೆ ಇವತ್ತು ಕಾಲೇಜು ಮೆಟ್ಟಿಲೇರುತ್ತಿರುವ ಬಹಳಷ್ಟು ಮಕ್ಕಳು ಮನೆಯಲ್ಲಿ ಆ ಮೆಟ್ಟಿಲು ಕಂಡ ಮೊದಲಿಗರು. ಸೆಮಿಸ್ಟರ್ ಎಂದರೇನು, ಇಂಟರ್ನಲ್ಸ್ ಎಂದರೇನು ಎಂದು ಮನೆಯಲ್ಲಿ ಕೇಳಿದರೆ ಹೇಳುವವರಿಲ್ಲ. ಮೊದಲ ವರ್ಷ ಎಲ್ಲಕ್ಕಿಂತ ಸೂಕ್ಷ್ಮ ಅನ್ನುವುದು ಇದಕ್ಕೇ. ಆ ವರ್ಷ ಕಾಲೇಜಿನೊಳಗೆ ಒಂದು ಕುರ್ಚಿ, ಒಂದು ಕೆಲಸ, ಹೆಸರು ಹಿಡಿದು ಕರೆಯುವ ಒಬ್ಬ ಮೇಷ್ಟ್ರು ಸಿಕ್ಕರೆ ವಿದ್ಯಾರ್ಥಿ ನಿಲ್ಲುತ್ತಾನೆ. ಸಿಗದಿದ್ದರೆ ಎರಡನೆಯ ಸೆಮಿಸ್ಟರಿನ ಹೊತ್ತಿಗೆ ಅವನೂ ಗುಳೆಯ ಬಸ್ಸಿನಲ್ಲಿರುತ್ತಾನೆ.

ಹೆಣ್ಣುಮಕ್ಕಳ ವಿಚಾರ ಬೇರೆಯೇ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಬಸ್ ಟಿಕೆಟ್ಟಿನ ಖರ್ಚು ಹೋಯಿತು, ಅದು ಸಣ್ಣ ಮಾತಲ್ಲ. ಆದರೆ ಬಸ್ಸು ಉಚಿತವಾದ ಮಾತ್ರಕ್ಕೆ ಮುಂಜಾನೆಯ ರೊಟ್ಟಿ ತಟ್ಟುವುದು, ನೀರು ತುಂಬುವುದು, ಕಸ ಮುಸುರೆ ತಪ್ಪಲಿಲ್ಲ. ಅದೂ ದುಡಿಮೆಯೇ, ಪಗಾರ ಇಲ್ಲ ಅಷ್ಟೆ. ಹುಡುಗರ ಹಾಗೆ ಸಂಜೆ ಅಂಗಡಿಯಲ್ಲಿ ನಿಲ್ಲಲು, ರಾತ್ರಿ ಕೇಟರಿಂಗ್‌ಗೆ ಹೋಗಲು ಅವರನ್ನು ಮನೆಯವರು ಬಿಡುವುದಿಲ್ಲ. ಬಿಡುವುದು ಕ್ರಾಸಿಂಗಿಗೆ, ಕಳೆ ತೆಗೆಯಲು, ಮೆಣಸಿನಕಾಯಿ ಬಿಡಿಸಲು, ಅದೂ ಓಣಿಯ ಹೆಂಗಸರ ಗುಂಪಿನ ಜೊತೆ. ಕಾಲೇಜಿನೊಳಗಿನ ಕೆಲಸ ಎಂದರೆ ಹೊಲದಾಚೆ ಮನೆಯವರು ಬೇಡವೆನ್ನದ ಒಂದೇ ಒಂದು ನಗದು ಕೆಲಸ. ಜೊತೆಗೆ, ತಿಂಗಳಿಗೆ ಇಷ್ಟು ಅಂತ ತನ್ನ ಬ್ಯಾಂಕ್ ಖಾತೆಗೆ ಹಣ ಪಡೆಯುವ ಮಗಳ ಮದುವೆಯ ಮಾತನ್ನು ಇನ್ನೆರಡು ವರ್ಷ ಮುಂದೂಡುವುದು ಮನೆಯಲ್ಲಿ ಸ್ವಲ್ಪವಾದರೂ ಸುಲಭ.

ಸರ್ಕಾರ ಏನೂ ಕೊಡುತ್ತಿಲ್ಲವೇ ಎಂದು ಕೇಳಬಹುದು. ಕೊಡುತ್ತಿದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ಲೆಕ್ಕದಲ್ಲಿ ‘ವಿದ್ಯಾಸಿರಿ’ ಶುರುವಾಯಿತು. 2021ರಲ್ಲಿ ಬಂದ ರೈತ ವಿದ್ಯಾನಿಧಿ ಡಿಗ್ರಿ ಓದುವ ರೈತರ ಗಂಡುಮಕ್ಕಳಿಗೆ ವರ್ಷಕ್ಕೆ 5,000, ಹೆಣ್ಣುಮಕ್ಕಳಿಗೆ 5,500 ಎಂದಿತು. ಕೊಪ್ಪಳದ ಗವಿಮಠ ಅನ್ನ, ಆಶ್ರಯ ಎರಡನ್ನೂ ಕೊಟ್ಟು ಓದಿಸುತ್ತಿರುವ ಮಕ್ಕಳ ಸಂಖ್ಯೆಯನ್ನು ಕಂಡ ಯಾರೂ ಆ ದಾಸೋಹದ ಬಗ್ಗೆ ಲಘುವಾಗಿ ಮಾತಾಡಲಾರರು. ನಿಜಾಮರ ಕಾಲದಲ್ಲಿ ಕುಕನೂರಿನ ವಿದ್ಯಾನಂದ ಗುರುಕುಲ ಈ ಸೀಮೆಯ ಮಕ್ಕಳಿಗೆ ಮಾಡಿದ ಉಪಕಾರವೂ ಅಂಥದ್ದೇ. ಆದರೆ ವಿದ್ಯಾರ್ಥಿವೇತನ ಬರುವುದು ಪೋರ್ಟಲ್ ತೆರೆದಾಗ, ಆಧಾರ್ ಜೋಡಣೆ ಸರಿಯಾದಾಗ, ಅನುದಾನ ಬಿಡುಗಡೆಯಾದಾಗ. ಝೆರಾಕ್ಸ್, ರೆಕಾರ್ಡ್ ಪುಸ್ತಕ, ಪರೀಕ್ಷಾ ಶುಲ್ಕ, ಮೊಬೈಲ್ ರೀಚಾರ್ಜ್ ಕೇಳುವುದು ಈ ವಾರ. ಆ ಅಂತರದಲ್ಲಿ ಹುಟ್ಟುವುದೇ ಹೊರಗಿನ ಕೂಲಿ.

ಯುವನಿಧಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಪಡೆದ ಈ ಯೋಜನೆಯಲ್ಲಿ ಡಿಗ್ರಿ ಮುಗಿಸಿ ಆರು ತಿಂಗಳು ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಗರಿಷ್ಠ ಎರಡು ವರ್ಷ. ಆ ಹಣ ಕೊಡಬಾರದು ಎಂದು ನಾನು ಹೇಳುತ್ತಿಲ್ಲ. ಆದರೆ ಕ್ರಮ ನೋಡಿ: ಓದುವಾಗ ಕೆಲಸ ಕೊಡದೆ, ಅನುಭವ ಗಳಿಸಲು ಬಿಡದೆ, ಓದು ಮುಗಿದ ಮೇಲೆ ಕೆಲಸವಿಲ್ಲದ್ದಕ್ಕೆ 3,000. ಅದೇ 3,000ವನ್ನು ಓದುವಾಗಲೇ, ವಾರಕ್ಕೆ ಹತ್ತು ಗಂಟೆಯ ಕೆಲಸಕ್ಕೆ ಕೊಟ್ಟರೆ ಗಂಟೆಗೆ 75 ರೂಪಾಯಿ ಬೀಳುತ್ತದೆ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 46 ಆಯಿತು. ಖಾತ್ರಿ ಕೆಲಸಕ್ಕಿಂತ ಮೇಲು ದರದಲ್ಲಿ, ನೆರಳಲ್ಲಿ, ಪುಸ್ತಕದ ನಡುವೆ ಕೆಲಸ ಸಿಗುತ್ತದೆ ಎಂದಾದರೆ ಬಂಕಿನ ಪಾಳಿಗೆ ಹೋಗುವವರು ಎಷ್ಟು ಜನ ಉಳಿದಾರು?

ಇದೇನು ಹೊಸ ಯೋಚನೆಯಲ್ಲ. ನಮ್ಮ ಗಡಿಯಾಚೆ ಸಾತಾರ ಜಿಲ್ಲೆಯಲ್ಲಿ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದ್ದೇ ಸ್ವಾವಲಂಬನೆಯ ಶಿಕ್ಷಣ ಎಂಬ ಮಾತಿನ ಮೇಲೆ. 1947ರಲ್ಲಿ ಅವರು ಅಲ್ಲಿ ಆರಂಭಿಸಿದ ಶಿವಾಜಿ ಕಾಲೇಜಿನಲ್ಲಿ ಬಡವರ ಮಕ್ಕಳು ದುಡಿಯುತ್ತಲೇ ಓದಿದರು. ‘ಗಳಿಸು, ಕಲಿ’ ಯೋಜನೆ ಇಂದಿಗೂ ಪುಣೆ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಲ್ಲೇ ನಡೆಯುತ್ತಿದೆ. ಅಮೆರಿಕದ ಕೆಂಟಕಿಯಲ್ಲಿ 1855ರಲ್ಲಿ ಶುರುವಾದ ಬೆರಿಯಾ ಕಾಲೇಜು ಬೋಧನಾ ಶುಲ್ಕ ಕೇಳುವುದಿಲ್ಲ, ಬದಲಿಗೆ ಪ್ರತಿ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ ಹತ್ತು ಗಂಟೆ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಬೇಕು. ಅಮೆರಿಕದ್ದೇ ಆದ ಎಂಐಟಿಯಲ್ಲಿ ಮಾರ್ಗರೆಟ್ ಮ್ಯಾಕ್‌ವಿಕರ್ 1969ರಲ್ಲಿ ಹುಟ್ಟುಹಾಕಿದ ಕಾರ್ಯಕ್ರಮ, ಪದವಿ ಮೊದಲ ವರ್ಷದವರನ್ನೂ ಪ್ರಾಧ್ಯಾಪಕರ ಸಂಶೋಧನೆಯೊಳಗೆ ಸೇರಿಸಿಕೊಂಡು ಅದಕ್ಕೆ ಹಣವನ್ನೋ ಕ್ರೆಡಿಟ್ಟನ್ನೋ ಕೊಡುತ್ತದೆ. ನಮ್ಮ ಯುಜಿಸಿಯೇ 2022ರಲ್ಲಿ ಹಿಂದುಳಿದ ಹಿನ್ನೆಲೆಯ ವಿದ್ಯಾರ್ಥಿಗಳ ಸಮಾನ ಅವಕಾಶಕ್ಕೆಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ದುಡಿಯುತ್ತ ಕಲಿಯುವ ಯೋಜನೆ ಮಾಡಿ ಎಂದಿದೆ. ಗ್ರಂಥಾಲಯ, ಪ್ರಯೋಗಾಲಯ, ಸಂಶೋಧನಾ ಯೋಜನೆಯ ಸಹಾಯಕರಾಗಿ ವಾರಕ್ಕೆ 20 ಗಂಟೆ ಮೀರದಂತೆ ತೊಡಗಿಸಿಕೊಳ್ಳಬಹುದು ಎಂದು ವಿವರವನ್ನೂ ಕೊಟ್ಟಿದೆ. ನಿಯಮ ಇದೆ, ಅದಕ್ಕೆಂದು ಎತ್ತಿಟ್ಟ ಹಣ ಇಲ್ಲ. ನಮ್ಮಲ್ಲಿ ಎತ್ತಿಟ್ಟ ಹಣವಿಲ್ಲದ ನಿಯಮವೆಂದರೆ ಸುತ್ತೋಲೆಯ ಫೈಲು.

ಇನ್ನು ನನ್ನ ವಾದದ ವಿರುದ್ಧ ನಿಲ್ಲುವ ಗಟ್ಟಿ ಸಾಕ್ಷ್ಯಕ್ಕೆ ಬರೋಣ. ಬೆರಿಯಾ ಕಾಲೇಜಿನ ವಿದ್ಯಾರ್ಥಿಗಳನ್ನೇ ಇಟ್ಟುಕೊಂಡು ಸ್ಟೈನ್‌ಬ್ರಿಕ್ನರ್ ಎಂಬ ಅಡ್ಡಹೆಸರಿನ ಇಬ್ಬರು ಸಂಶೋಧಕರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿ ಮೊದಲ ವರ್ಷದವರಿಗೆ ಕೆಲಸವನ್ನು ಕಾಲೇಜೇ ಹಂಚುವುದರಿಂದ, ಶ್ರಮಜೀವಿಗಳು ಮಾತ್ರ ಹೆಚ್ಚು ದುಡಿಯುತ್ತಾರೆ ಎಂಬಂಥ ಗೊಂದಲ ಕಡಿಮೆ. ಅವರು ಕಂಡುಕೊಂಡದ್ದು ನಿಷ್ಠುರ ಸತ್ಯ: ವಾರದ ದುಡಿಮೆಯ ಗಂಟೆ ಹೆಚ್ಚಿದಂತೆ ಅಂಕ ಇಳಿಯುತ್ತದೆ. ಇದನ್ನು ಮುಚ್ಚಿಟ್ಟು ವಾದ ಮಾಡುವುದು ಪ್ರಾಮಾಣಿಕತೆಯಲ್ಲ. ಆದರೆ ಇದರಿಂದ ಹೊರಡುವ ತೀರ್ಮಾನ ಏನು? ಕೆಲಸವೇ ಬೇಡ ಎಂಬುದು ಆಗಬೇಕಾದರೆ ಕೆಲಸವಿಲ್ಲದೆ ಓದುವ ದಾರಿ ಆ ವಿದ್ಯಾರ್ಥಿಗೆ ಇರಬೇಕು. ಯಲಬುರ್ಗಾದ ವಿದ್ಯಾರ್ಥಿಯ ಮುಂದಿರುವ ಆಯ್ಕೆ ಸೊನ್ನೆ ಗಂಟೆಯೋ ಹತ್ತು ಗಂಟೆಯೋ ಎಂಬುದಲ್ಲ. ಹೊರಗೆ ಮೂವತ್ತು ಗಂಟೆಯೋ ಒಳಗೆ ಹತ್ತು ಗಂಟೆಯೋ ಎಂಬುದು. ಮೊದಲ ವರ್ಷದವರ ಬಗ್ಗೆಯೇ ಪೈಕ್, ಕುಹ್ ಮತ್ತಿತರರು 2008ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಈ ಗೆರೆಯನ್ನು ಇನ್ನಷ್ಟು ಸ್ಪಷ್ಟವಾಗಿ ಎಳೆಯುತ್ತದೆ. ವಾರಕ್ಕೆ 20 ಗಂಟೆ ಮೀರಿ ದುಡಿಯುವವರ ಅಂಕ ಕೆಳಗೆ. ಅದಕ್ಕಿಂತ ಕಡಿಮೆ ಗಂಟೆ, ಅದೂ ಕ್ಯಾಂಪಸ್ಸಿನೊಳಗೆ ದುಡಿಯುವವರಲ್ಲಿ ಕಲಿಕೆಯ ತೊಡಗುವಿಕೆ ಹೆಚ್ಚು. ಹಾಗಾಗಿ ಯುಜಿಸಿ ಹೇಳುವ 20 ಗಂಟೆ ನನ್ನ ದೃಷ್ಟಿಯಲ್ಲಿ ಮೊದಲ ವರ್ಷದವರಿಗೆ ಅತಿಯಾಯಿತು. ಹತ್ತಕ್ಕೆ ಗೆರೆ ಎಳೆಯಬೇಕು, ಪರೀಕ್ಷೆಯ ತಿಂಗಳು ಐದಕ್ಕೆ ಇಳಿಸಬೇಕು.

ಎರಡನೆಯ ಆಕ್ಷೇಪ ಸಂಶೋಧನೆಯದು. ಮೊದಲ ವರ್ಷದವರಿಗೆಂಥ ಸಂಶೋಧನೆ, ಇಂಗ್ಲಿಷ್ ವಾಕ್ಯ ನೆಟ್ಟಗೆ ಓದಲು ಬರುವುದಿಲ್ಲ ಎಂದು ಮೂಗು ಮುರಿಯುವವರು ಕಾಲೇಜಿನ ಸ್ಟಾಫ್ ರೂಮಿನಲ್ಲೇ ಇದ್ದಾರೆ. ಸಂಶೋಧನೆ ಎಂದರೆ ಪ್ರಬಂಧ, ಪಿಎಚ್.ಡಿ. ಎಂದು ನಾವು ತಿಳಿದಿರುವುದರಿಂದ ಬಂದ ಮಾತು ಇದು. ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಲ್ಲಿ 2021-22ರಿಂದ ರಾಜ್ಯದಲ್ಲಿ ಬಂದ ನಾಲ್ಕು ವರ್ಷದ ಪದವಿಯಲ್ಲಿ ಸಂಶೋಧನೆಯನ್ನು ನಾಲ್ಕನೇ ವರ್ಷಕ್ಕೆ ಇಟ್ಟಿದ್ದರು. 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂದ ಮೇಲೆ ಅದೂ ಹೋಯಿತು. ಅಂದರೆ ಕೊಪ್ಪಳದ ಡಿಗ್ರಿ ವಿದ್ಯಾರ್ಥಿ ಎಂ.ಎ., ಎಂ.ಎಸ್ಸಿ.ಗೆ ಹೋಗದಿದ್ದರೆ ತಾನಾಗಿ ಏನನ್ನಾದರೂ ಅಳೆದು, ಎಣಿಸಿ, ಬರೆದಿಡುವ ಅನುಭವ ಇಲ್ಲದೆಯೇ ಪದವೀಧರನಾಗುತ್ತಾನೆ. ಅಳೆಯುವುದಕ್ಕೆ, ಎಣಿಸುವುದಕ್ಕೆ ಇಂಗ್ಲಿಷ್ ಬೇಡ, ನಿಷ್ಠೆ ಬೇಕು.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಸಂಗತಿ ಹೊಸದಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಮೀರಿದರೆ ಹಲ್ಲು ಕಂದು, ಬಹುಕಾಲ ಕುಡಿದರೆ ಕೀಲು, ಬೆನ್ನೆಲುಬು ಬಿಗಿತ. ಕೊಳವೆಬಾವಿ ಆಳಕ್ಕೆ ಹೋದಂತೆ, ಬೇಸಿಗೆ ಮಳೆಗಾಲ ಬದಲಾದಂತೆ ಈ ಅಂಶವೂ ಬದಲಾಗುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಬಂದು ಒಂದು ಬಾಟಲಿ ಒಯ್ಯುವ ಪರೀಕ್ಷೆಯಿಂದ ಪೂರ್ತಿ ಚಿತ್ರ ಸಿಗದು. ಈಗ ಕುಷ್ಟಗಿಯ ಒಂದು ಡಿಗ್ರಿ ಕಾಲೇಜನ್ನು ಊಹಿಸಿಕೊಳ್ಳಿ. ಬಿ.ಎಸ್ಸಿ. ಮೊದಲ ವರ್ಷದಲ್ಲಿ ನಲವತ್ತು ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ನಲವತ್ತು ಮಕ್ಕಳು. ಪ್ರತಿ ತಿಂಗಳ ಮೊದಲ ಸೋಮವಾರ ಒಬ್ಬೊಬ್ಬರೂ ತಮ್ಮೂರಿನ ಒಂದೇ ಕೊಳವೆಬಾವಿಯಿಂದ ಅರ್ಧ ಲೀಟರ್ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತರುತ್ತಾರೆ. ಬಾಟಲಿಯ ಮೇಲೆ ಊರು, ಬಾವಿ, ದಿನಾಂಕ, ಗಂಟೆ. ಗಾಜಿನ ಬಾಟಲಿ ಆಗದು, ಫ್ಲೋರೈಡ್ ಗಾಜಿಗೆ ಅಂಟುವ ಗುಣದ್ದು. ಇದನ್ನು ಗೊತ್ತು ಮಾಡಿಕೊಳ್ಳುವುದೇ ರಸಾಯನಶಾಸ್ತ್ರದ ಮೊದಲ ಪಾಠ. ವಾರದ ಹತ್ತು ಗಂಟೆಯ ಸಂಬಳದಲ್ಲಿ ಅವರವರೇ ಪಾಳಿ ಹಾಕಿಕೊಂಡು ಪರೀಕ್ಷೆ ಮಾಡುತ್ತಾರೆ, ಒಂದೇ ಮಾದರಿಯನ್ನು ಇಬ್ಬರು ಬೇರೆಬೇರೆಯಾಗಿ ಅಳೆದು ತಾಳೆ ನೋಡುತ್ತಾರೆ, ತಾಳೆಯಾಗದಿದ್ದರೆ ಮತ್ತೆ ಅಳೆಯುತ್ತಾರೆ. ವರ್ಷದ ಕೊನೆಗೆ ಕಾಲೇಜಿನ ಕೈಯಲ್ಲಿ ನಲವತ್ತು ಹಳ್ಳಿಗಳ ಹನ್ನೆರಡು ತಿಂಗಳ, 480 ಅಳತೆಗಳ ಪಟ್ಟಿ. ಬಸ್ಸಿನ ಓಡಾಟ ಇಲ್ಲಿಯವರೆಗೆ ಈ ಮಕ್ಕಳ ದೌರ್ಬಲ್ಯವಾಗಿತ್ತು. ಈ ಲೆಕ್ಕದಲ್ಲಿ ಅದೇ ಅವರ ಬಲ: ಬೆಂಗಳೂರಿನ ಯಾವ ಸಂಸ್ಥೆಗೂ ಪ್ರತಿ ತಿಂಗಳು ನಲವತ್ತು ಹಳ್ಳಿಗೆ ಜೀಪು ಓಡಿಸುವುದು ಸುಲಭವಲ್ಲ.

ಗಂಗಾವತಿಯಲ್ಲಿ ಇದೇ ಕೆಲಸ ಮಣ್ಣಿನ ಮೇಲೆ ಆಗಬಹುದು. ಅತಿ ನೀರಾವರಿಯಿಂದ ಜವುಳು, ಸವಳು ಆದ ಭೂಮಿಯ ಬಗ್ಗೆ ಅಲ್ಲಿಯ ಕೃಷಿ ಸಂಶೋಧನಾ ಕೇಂದ್ರ ಬಹುಕಾಲದಿಂದ ಕೆಲಸ ಮಾಡುತ್ತಿದೆ, ಅದೇ ಊರಿನಲ್ಲಿ ಡಿಗ್ರಿ ಕಾಲೇಜೂ ಇದೆ. ವಾಣಿಜ್ಯ ವಿದ್ಯಾರ್ಥಿಗಳಿಗೆ ಗಿರಣಿಯ ನುಚ್ಚು, ತೌಡು, ತೇವಾಂಶದ ಲೆಕ್ಕ ಸಾಲದೇ? ಇತಿಹಾಸ ಓದುವವರಿಗಂತೂ ಜಿಲ್ಲೆಯೇ ಪ್ರಯೋಗಾಲಯ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳು ಎರಡು ಸಾವಿರ ವರ್ಷಕ್ಕೂ ಮಿಗಿಲಾಗಿ ಊರ ಮಗ್ಗುಲಲ್ಲೇ ಇದ್ದವು, ವಿದ್ವಾಂಸರಿಗೆ ಗೊತ್ತಾಗಿದ್ದು 1931ರಲ್ಲಿ. ಹಿರೇಬೆಣಕಲ್ಲಿನ ಶಿಲಾಸಮಾಧಿಗಳು 2021ರಲ್ಲಿ ಯುನೆಸ್ಕೊ ತಾತ್ಕಾಲಿಕ ಪಟ್ಟಿ ಸೇರಿದವು. ಹಳ್ಳಿಗಳ ಅಗಸೆಯಲ್ಲಿ, ಹನುಮಪ್ಪನ ಗುಡಿಯ ಹಿಂದೆ ಮಲಗಿರುವ ವೀರಗಲ್ಲುಗಳ ಅಳತೆ, ಫೋಟೊ, ಈಗಿನ ಸ್ಥಿತಿ ದಾಖಲಿಸಲು ಮೊದಲ ವರ್ಷದ ಬಿ.ಎ. ವಿದ್ಯಾರ್ಥಿ ಧಾರಾಳ ಸಾಕು.

ಯಾರು ಮಾರ್ಗದರ್ಶನ ಮಾಡುವವರು ಎಂಬ ಪ್ರಶ್ನೆ ನಿಜಕ್ಕೂ ಕಠಿಣ. ಸರ್ಕಾರಿ ಡಿಗ್ರಿ ಕಾಲೇಜುಗಳ ಬೋಧನೆ ನಿಂತಿರುವುದು ಅತಿಥಿ ಉಪನ್ಯಾಸಕರ ಮೇಲೆ. ಅವರೂ ಗಂಟೆ ಲೆಕ್ಕದವರು, ಅವರಿಗೂ ಮುಂದಿನ ವರ್ಷ ಗ್ಯಾರಂಟಿಯಿಲ್ಲ. ಕೊಪ್ಪಳ ವಿಶ್ವವಿದ್ಯಾಲಯದ್ದು ಇನ್ನೊಂದು ಕಥೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು 2023ರಲ್ಲಿ ಕಣ್ಣುಬಿಟ್ಟ ಈ ಕೂಸನ್ನು, 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಮುಚ್ಚಬಹುದಾದ ಒಂಬತ್ತು ವಿಶ್ವವಿದ್ಯಾಲಯಗಳ ಸಾಲಿಗೆ ಸೇರಿಸಿತು. ತನ್ನ ಉಳಿವೇ ಗೊತ್ತಿಲ್ಲದ ಸಂಸ್ಥೆ ಮೊದಲ ವರ್ಷದವರ ಸಂಶೋಧನೆ ನೋಡಿಕೊಳ್ಳುತ್ತದೆಯೇ ಎಂದು ಕೇಳಿದರೆ ನಗು ಬರುವುದು ಸಹಜ. ನನಗೆ ಕಾಣುವುದು ಇದರ ತಿರುವುಮುರುವು. ಜಿಲ್ಲೆಗೊಂದು ವಿಶ್ವವಿದ್ಯಾಲಯ ಏಕೆ ಬೇಕು ಎಂದು ಬೆಂಗಳೂರು ಕೇಳಿದಾಗ ‘ಪ್ರಾದೇಶಿಕ ನ್ಯಾಯ’ ಎಂಬ ಉತ್ತರ ಸಾಲದು. ಈ ಜಿಲ್ಲೆಯ ನೀರು, ಮಣ್ಣು, ಗುಳೆ, ಶಾಸನಗಳ ಬಗ್ಗೆ ಬೇರೆ ಯಾರ ಬಳಿಯೂ ಇಲ್ಲದ ಮಾಹಿತಿ ನಮ್ಮ ಬಳಿ ಇದೆ ಎಂದು ತೋರಿಸಿದರೆ ಅದು ಉತ್ತರ. ಅತಿಥಿ ಉಪನ್ಯಾಸಕರ ಮಾರ್ಗದರ್ಶನದ ಗಂಟೆಗಳನ್ನು ಅವರ ಕಾರ್ಯಭಾರಕ್ಕೆ ಸೇರಿಸಿ ಹಣ ಕೊಡುವುದು ಇದಕ್ಕೆ ಮೊದಲ ಷರತ್ತು. ಪುಕ್ಕಟೆ ಮಾಡಿಸಿದರೆ ಯೋಜನೆ ಮೊದಲ ವರ್ಷವೇ ಸತ್ತಿತು.

ಇದೆಲ್ಲಕ್ಕಿಂತ ನನ್ನನ್ನು ಕಾಡುವ ಆಕ್ಷೇಪ ಬೇರೆ. ಕ್ಯಾಂಪಸ್ ಕೆಲಸ ಎಂದು ಶುರುಮಾಡಿದರೆ ಯಾರ ಮಕ್ಕಳು ಕಂಪ್ಯೂಟರಿನ ಮುಂದೆ ಕೂರುತ್ತಾರೆ, ಯಾರ ಮಕ್ಕಳ ಕೈಗೆ ಕಸಬರಿಗೆ ಬರುತ್ತದೆ? ಊರಿನ ಓಣಿಗಳ ನಕ್ಷೆಯೇ ಕಾಲೇಜಿನ ಕೆಲಸದ ಪಟ್ಟಿಯಾಗುವ ಭಯ ಕಾಲ್ಪನಿಕವಲ್ಲ. ವಾರಾನ್ನದ ಕಾಲದಿಂದಲೂ ಬಡ ವಿದ್ಯಾರ್ಥಿಗೆ ಕೊಟ್ಟ ಅನ್ನದ ಹಿಂದೆ ಅವನಿಂದ ಮಾಡಿಸಿಕೊಂಡ ಚಾಕರಿಯ ಕಥೆಯೂ ಇದೆ. ಖಾಲಿಯಿರುವ ಜವಾನ, ಅಟೆಂಡರ್ ಹುದ್ದೆ ತುಂಬದೆ ವಿದ್ಯಾರ್ಥಿಗಳಿಂದ ಅಗ್ಗಕ್ಕೆ ಕೆಲಸ ಮಾಡಿಸಿಕೊಳ್ಳುವ ಆಸೆಯೂ ಆಡಳಿತಕ್ಕೆ ಹುಟ್ಟೀತು. ಹಾಗಾಗಿ ನಿಯಮ ಬರೆಯುವಾಗಲೇ ಖಡಾಖಂಡಿತ ಬರೆಯಬೇಕು: ಗುಡಿಸುವ, ತೊಳೆಯುವ, ಚಹಾ ತರುವ ಕೆಲಸ ಈ ಯೋಜನೆಯಲ್ಲಿ ಇಲ್ಲ. ಖಾಯಂ ಹುದ್ದೆಯ ಕೆಲಸ ಇಲ್ಲ. ಕೆಲಸ ಓದುವ ವಿಷಯಕ್ಕೆ ಹೊಂದಿರಬೇಕು. ಯಾರಿಗೆ ಯಾವ ಕೆಲಸ, ಎಷ್ಟು ಗಂಟೆ, ಎಷ್ಟು ಹಣ ಎಂಬುದು ಪ್ರತಿ ತಿಂಗಳು ನೋಟಿಸ್ ಬೋರ್ಡಿನ ಮೇಲೆ ಇರಬೇಕು. ಆಯ್ಕೆ ಅಗತ್ಯದ ಮೇಲೆ ಆಗಬೇಕೇ ಹೊರತು ಪಿಯುಸಿ ಅಂಕದ ಮೇಲಲ್ಲ. ಹೆಚ್ಚು ಅಂಕದವರಿಗೆ ವಿದ್ಯಾರ್ಥಿವೇತನಗಳಿವೆ, ಮುಂಜಾನೆ ಹೊಲಕ್ಕೆ ಹೋಗಿ ಬರುವವನ ಅಂಕ ಕಡಿಮೆ ಇರಲು ಆ ಹೊಲವೇ ಕಾರಣ.

ಕೊನೆಗೆ ದುಡ್ಡು. ಒಂದು ಕಾಲೇಜಿನಲ್ಲಿ ಮೊದಲ ವರ್ಷದ ನೂರು ವಿದ್ಯಾರ್ಥಿಗಳಿಗೆ ತಿಂಗಳಿಗೆ 3,000ದಂತೆ ಹತ್ತು ತಿಂಗಳಿಗೆ 30 ಲಕ್ಷ. ಜಿಲ್ಲೆಯಲ್ಲಿ ಹತ್ತು ಕಾಲೇಜು ಎಂದು ಹಿಡಿದರೆ 3 ಕೋಟಿ. ರಾಸಾಯನಿಕ, ಉಪಕರಣ, ಅತಿಥಿ ಉಪನ್ಯಾಸಕರ ಹೆಚ್ಚುವರಿ ಗಂಟೆ ಸೇರಿಸಿ 4 ಕೋಟಿ ಎನ್ನಿ. ಸಂವಿಧಾನದ 371(ಜೆ) ವಿಧಿಯ ಬೆನ್ನಲ್ಲೇ ಹುಟ್ಟಿದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ರಾಜ್ಯ ಬಜೆಟ್ಟು ಇತ್ತೀಚಿನ ವರ್ಷಗಳಲ್ಲಿ ಘೋಷಿಸುತ್ತಿರುವುದು ವರ್ಷಕ್ಕೆ 5,000 ಕೋಟಿ. ಅದರ ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ ಮೊತ್ತ ಇದು. ಸಿಸಿ ರಸ್ತೆ, ಸಮುದಾಯ ಭವನದ ಕಲ್ಲುಗಳ ಮೇಲೆ ಹೆಸರು ಕೆತ್ತಿಸಬಹುದು, 480 ಅಳತೆಗಳ ಪಟ್ಟಿಯ ಮೇಲೆ ಯಾರ ಹೆಸರನ್ನು ಕೆತ್ತಿಸುವುದು ಎಂಬುದು ಬಿಟ್ಟರೆ ಇದಕ್ಕೆ ಹಣಕಾಸಿನ ಅಡ್ಡಿ ನನಗೆ ಕಾಣುವುದಿಲ್ಲ.

ಮಂಡಳಿ, ವಿಶ್ವವಿದ್ಯಾಲಯ, ಸರ್ಕಾರ ಯೋಚಿಸುವಷ್ಟರಲ್ಲಿ ಒಂದು ಕೆಲಸವನ್ನು ಕಾಲೇಜುಗಳು ಮುಂದಿನ ಪ್ರವೇಶದ ಹೊತ್ತಿಗೇ ಮಾಡಬಹುದು. ಪ್ರವೇಶದ ಅರ್ಜಿಯಲ್ಲಿ ಜಾತಿ, ಆದಾಯ, ರಕ್ತದ ಗುಂಪು, ಹವ್ಯಾಸ ಎಲ್ಲ ಕೇಳುತ್ತೇವೆ. ಅದರ ಕೆಳಗೆ ಇನ್ನೆರಡು ಸಾಲು ಸೇರಿಸಿ: ಈಗ ಏನು ಕೆಲಸ ಮಾಡುತ್ತಿದ್ದೀರಿ, ವಾರಕ್ಕೆ ಎಷ್ಟು ಗಂಟೆ? ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಪ್ರಾಂಶುಪಾಲರ ಸಹಿ ಸಾಕು.